ಕಲ್ಲು ತಾಗಿದ ಚೈನು

ಗಂಡನ ಅರವತ್ತನೆಯ ಹುಟ್ಟುಹಬ್ಬಕ್ಕೆ ಮರ ಕೊಯ್ಯುವ ಮೆಷಿನ್ ಗರಗಸವನ್ನೇ ಕೊಡುವುದೆಂದು ನಿಶ್ಚಯ ಮಾಡಿದಂದಿನಿಂದ ರಾಗ್ನಿಗೆ ತಾನು ಯಾರಿಗೋ ಲಂಚ ಕೊಡಲು ಹೊರಟಿದ್ದೇನೆ ಅನ್ನಿಸುತ್ತಿತ್ತು. ಏತಕ್ಕೆ ಲಂಚ ಎಂದು ಕೇಳಿಕೊಂಡರೆ ಉತ್ತರ ಹೊಳೆಯುತ್ತಿರಲಿಲ್ಲ. ಈಗ ಆನ್‌ಫಿನ್‌ನ ಅಂಗಡಿಯಲ್ಲಿ, ಗೋಡೆಗೆ ಸಾಲಾಗಿ ತೂಗುಹಾಕಿದ ಹನ್ನೊಂದು ಗರಗಸಗಳ ಮುಂದೆ ನಿಂತು, ಬೂಟಿಗೆ ಹತ್ತಿದ ಹಿಮ ಕರಗಿ ಸಿಮೆಂಟು ನೆಲದ ಮೇಲೆ ಹರಿಯುವುದನ್ನು ನೋಡುತ್ತಿದ್ದಾಗಲೂ ಹಾಗೆಯೇ ಅನ್ನಿಸಿತು. ಸೌದೆಯ ವಿಷಯದಲ್ಲಿ ಅವಳಿಗೆ ತಿಳಿಯದ್ದು ಕಡಿಮೆ. ಎರಡು ಬರ್ಚ್ ತುಂಡುಗಳನ್ನು ಒಂದಕ್ಕೊಂದು ತಟ್ಟಿ, ಬರುವ ಸದ್ದಿನಲ್ಲೇ ಒಣಗಿದೆಯೋ ಹಸಿಯಿದೆಯೋ ಹೇಳುವಳು. ಒಟ್ಟಿದ ಸೌದೆ ಮೇ ತಿಂಗಳವರೆಗೆ ಬರುತ್ತದೋ ಇಲ್ಲವೋ ಎಂದು ಕಣ್ಣಳತೆಯಲ್ಲೇ ಅಂದಾಜು ಮಾಡುವಳು. ಆದರೆ ಗರಗಸದ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಅದರ ಸದ್ದು ಮಾತ್ರ. ಮೂವತ್ತನಾಲ್ಕು ವರ್ಷ, ಪ್ರತಿ ಮಾರ್ಚ್ ತಿಂಗಳು, ಊರಿನ ಕಾಡಿನಲ್ಲಿ ತಮ್ಮ ಪಾಲಿಗೆ ಗುರುತು ಹಾಕಿಕೊಟ್ಟ ಮರಗಳನ್ನು ಹಾಲ್ವರ್ ಕೆಡವಿದ, ಕೊಯ್ದ. ಅವಳು ಎಳೆದಳು, ಒಟ್ಟಿದಳು. ಮೂವತ್ತು ಸೆಂಟಿಮೀಟರಿನ ಕೋಲು ಹಿಡಿದು ಬಿದ್ದ ಮರದ ಉದ್ದಕ್ಕೂ ನೀಲಿ ಬಳಪದಲ್ಲಿ ಗೆರೆ ಎಳೆಯುತ್ತ ಹೋಗುವುದು ಅವಳ ಕೆಲಸ. ಆ ಗೆರೆಯ ಮೇಲೆ ಅಲಗು ಇಳಿಸುವುದು ಅವನ ಕೆಲಸ. ಈ ವರ್ಷ ಅವನು ಮೂರು ತುಂಡು ಕೊಯ್ಯುವಷ್ಟರಲ್ಲಿ ನಿಂತುಬಿಡುತ್ತಿದ್ದ. ಹೆಲ್ಮೆಟ್ಟಿನ ಜಾಲರಿ ಮೇಲೆತ್ತಿ, ಆಕಾಶದಲ್ಲಿ ಏನೋ ಹಾರುತ್ತಿದೆಯೆಂಬಂತೆ ನೋಡುತ್ತಿದ್ದ. ಆಕಾಶದಲ್ಲಿ ಏನೂ ಇರುತ್ತಿರಲಿಲ್ಲ. ಬಲ ಭುಜದ ನೋವು ಇಳಿಯಲಿ ಎಂದು ಕಾಯುತ್ತಿದ್ದ, ಅಷ್ಟೆ. ಅವಳು ಅದನ್ನು ಕಂಡರೂ ಕಾಣದವಳ ಹಾಗೆ ಬಳಪ ಕೆರೆಯುತ್ತ ಕೂತಿರುತ್ತಿದ್ದಳು.

ಆನ್‌ಫಿನ್ ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದ. ಕುರಿಯ ಮೇವಿನಿಂದ ಹಿಡಿದು ಬೇಲಿ ತಂತಿಯವರೆಗೆ ಎಲ್ಲವನ್ನೂ ಮಾರುವ ಅವನಿಗೆ ಊರಿನ ಯಾವ ಮನೆಯಲ್ಲಿ ಯಾವ ಗರಗಸವಿದೆ ಎಂಬುದು ಬಾಯಿಪಾಠ. ಹಾಲ್ವರ್‌ಗೆ ಬೇಕು ಎಂದಾಗ ಅವನು ನಂಬಲಾಗದವನಂತೆ ತಲೆಯಾಡಿಸಿದ.

"ಅವನು ತನ್ನ ಗರಗಸ ತಾನೇ ಆರಿಸ್ಕೊಳ್ಳೋನು. ನೀನು ಆರಿಸಿದ್ದು ಅವನ ಕೈಗೆ ಒಗ್ಗುತ್ತಾ?"

ಕಾಫಿ ಫ್ಲಾಸ್ಕಿನ ಪಕ್ಕದ ಬೆಂಚಿನಲ್ಲಿ, ಕೊಳ್ಳುವುದಕ್ಕೆ ಏನೂ ಇಲ್ಲದೆ ಪ್ರತಿ ಶನಿವಾರ ಬಂದು ಕೂರುವ ಗುನ್ಲೈಕ್, ಲೋಟದಿಂದ ಬಾಯಿ ತೆಗೆಯದೆ ಹೇಳಿದ: "ಹೆಂಡ್ತಿ ಒಗ್ಗಿದಾಳೆ, ಗರಗಸ ಒಗ್ಗಲ್ವಾ ಮಾರಾಯ."

ರಾಗ್ನಿ ನಕ್ಕಳು. ನಗದಿದ್ದರೆ ಇನ್ನೊಂದು ಮಾತು ಬರುತ್ತದೆಂದು ಗೊತ್ತಿತ್ತು. ಹಗುರವಾದದ್ದು ಬೇಕು, ಆದರೆ ಹಗುರವಾದದ್ದು ಎಂದು ನೋಡಿದವರಿಗೆ ಅನ್ನಿಸಬಾರದು ಎಂದು ಹೇಳಿದಳು. ಆನ್‌ಫಿನ್‌ಗೆ ಅದು ಕೂಡಲೇ ಅರ್ಥವಾಯಿತು. ಅರವತ್ತರ ಆಸುಪಾಸಿನ ಗಂಡಸರಿಗೆ ಅವನು ಇಂಥದ್ದನ್ನು ಬಹಳ ಮಾರಿದ್ದ. ಎರಡನ್ನು ಇಳಿಸಿ ಮೇಜಿನ ಮೇಲಿಟ್ಟ. ಒಂದು ಪೆಟ್ರೋಲಿನದು, ಕಿತ್ತಳೆ ಬಣ್ಣ, ಹಳೆಯದಕ್ಕಿಂತ ಒಂದೂವರೆ ಕಿಲೋ ಕಡಿಮೆ. ಅದರಲ್ಲಿ ದೊಡ್ಡ ಬರ್ಚ್ ಕೂಡ ಕೆಡವಬಹುದು, ಚಾಲೂ ಮಾಡುವ ಹಗ್ಗ ಎಳೆಯುವುದೂ ಸುಲಭ ಎಂದ. ಇನ್ನೊಂದು ಬ್ಯಾಟರಿಯದು. ಹಗ್ಗವಿಲ್ಲ, ಹೊಗೆಯಿಲ್ಲ, ಗುಂಡಿ ಒತ್ತಿದರೆ ಆಯಿತು. ಚಳಿ ಜಾಸ್ತಿಯಾದರೆ ಬ್ಯಾಟರಿ ಬೇಗ ಇಳಿದುಹೋಗುತ್ತದೆ, ಅಂಗಳದ ಸೌದೆಗೆ ಸಾಕು, ಕಾಡಿಗೆ ಸಾಲದು ಎಂದ. ಅವನು ಹೇಳುತ್ತಿದ್ದದ್ದೆಲ್ಲ ಅವಳ ಭುಜದ ಮೇಲಿನಿಂದ ಹಾದು, ಇಲ್ಲದ ಹಾಲ್ವರ್‌ನಿಗೆ ತಲುಪುತ್ತಿತ್ತು. ಅವಳು ಹುಂ ಎನ್ನುತ್ತಿದ್ದಳು. ಒಮ್ಮೆ, ಬಿರುಗಾಳಿಗೆ ಮನೆಯ ಹಿಂದಿನ ಸ್ಪ್ರೂಸ್ ಮರಗಳೆಲ್ಲ ಮಲಗಿದ ವರ್ಷ, ಅವಳಿಗೆ ಮೂವತ್ತೇಳಾಗಿದ್ದಾಗ, ನನಗೂ ಕಲಿಸು ಎಂದು ಕೇಳಿದ್ದಳು. ಮರಗಳು ಅಷ್ಟಿದ್ದವು, ಕೊಯ್ಯುವವನು ಒಬ್ಬನೇ ಇದ್ದ. ಹಾಲ್ವರ್ ಗರಗಸ ಆಫ್ ಮಾಡಿ, ಕಿವಿಯ ಮುಚ್ಚಳ ಸರಿಸಿ, ಇನ್ನೊಮ್ಮೆ ಹೇಳು ಎಂದ. ಇನ್ನೊಮ್ಮೆ ಹೇಳಿದಳು. "ನೀನು ಕೊಯ್ದ್ರೆ ಆಮೇಲೆ ನಂಗೇನು ಕೆಲ್ಸ?" ಎಂದು ನಕ್ಕು ಹಗ್ಗ ಎಳೆದ. ಅದೊಂದು ಪ್ರೀತಿಯ ಮಾತೆಂದೇ ಅವಳು ಅಂದುಕೊಂಡಳು. ತವರಿನ ಅಕ್ಕನಿಗೆ ಫೋನಿನಲ್ಲಿ ಹಾಗೆಂದೇ ಹೇಳಿದಳು. ಇಪ್ಪತ್ತು ವರ್ಷ ಅದನ್ನು ಹಾಗೆಯೇ ಇಟ್ಟುಕೊಂಡಿದ್ದಳು.

"ಅಯ್ಯೋ, ಮರೆತಿದ್ದೆ," ಎಂದು ಆನ್‌ಫಿನ್ ಒಳಗೆ ಹೋಗಿ ಕಂದು ಕಾಗದದ ಸಣ್ಣ ಪೊಟ್ಟಣ ತಂದ. ಮೇಲೆ ದಪ್ಪ ಪೆನ್ನಿನಲ್ಲಿ ಹಾಲ್ವರ್ ಎಂದು ಬರೆದಿತ್ತು. "ಅವನ ಚೈನು. ಹರಿತ ಮಾಡಿಟ್ಟಿದೀನಿ. ತಗೊಂಡ್ಹೋಗ್ಬಿಡು."

ಚೈನು. ಅಲಗಿನ ಸುತ್ತ ಓಡುವ ಆ ಹಲ್ಲಿನ ಸರಪಳಿಯನ್ನು ಹಾಲ್ವರ್ ಪರರ ಕೈಗೆ ಕೊಡುವವನಲ್ಲ. ಊಟವಾದ ಮೇಲೆ ಅಡಿಗೆಮನೆಯ ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ, ಗರಗಸವನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಒಂದೊಂದೇ ಹಲ್ಲಿಗೆ ಎರಡೆರಡು ಸಲ ಅರ ಉಜ್ಜುವನು. ಆ ಸದ್ದಿನಲ್ಲೇ ಅವಳು ಸಾವಿರ ಸಲ ಪಾತ್ರೆ ತೊಳೆದಿದ್ದಾಳೆ. ಅವಳು ಪೊಟ್ಟಣ ತೆಗೆದುಕೊಂಡಳು. ಆನ್‌ಫಿನ್ ಕನ್ನಡಕ ಇಳಿಸಿ ಅವಳನ್ನೇ ನೋಡಿದ. ಮುಖದಲ್ಲಿ ಗುಟ್ಟು ಹಿಡಿದವನ ನಗು.

"ಮೂರನೇ ಸಲ ತಂದಿದಾನೆ. ಅವನಂತೂ ಬಾಯೇ ಬಿಡಲ್ಲ. ಆದ್ರೆ ನೋಡಿದ ತಕ್ಷಣ ಗೊತ್ತಾಯ್ತು ನಂಗೆ, ಇದು ಅವನ ಕೈಲಿ ಆಗೋ ತಪ್ಪಲ್ಲ ಅಂತ. ನೆಲಕ್ಕೆ ಇಳಿಸಿದೀಯ, ಕಲ್ಲಿಗೆ ತಾಗಿಸಿದೀಯ. ಒಂದು ಹಲ್ಲೂ ನೆಟ್ಟಗಿರ್ಲಿಲ್ಲ. ಈ ವಯಸ್ಸಲ್ಲಿ ಕಲಿಯೋಕೆ ಹೊರಟ್ಯಲ್ಲ ಮಾರಾಯ್ತಿ, ಭೇಷ್."

ನಾನಲ್ಲ ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಆದರೆ ನಾನಲ್ಲ ಎಂದರೆ ಮುಂದಿನ ಪ್ರಶ್ನೆ ಮತ್ಯಾರು ಎಂಬುದು. ಅದನ್ನು ಗುನ್ಲೈಕ್‌ನ ಎದುರು, ಅವನ ಕಾಫಿ ಲೋಟದ ಎದುರು, ಕೇಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಸೋಮವಾರದ ಹೊತ್ತಿಗೆ ಅದು ಹಾಲಿನ ಲಾರಿಯ ಜೊತೆ ಕಣಿವೆಯ ಮನೆಮನೆಗೂ ಹೋಗುತ್ತದೆ.

"ಹಿಮದಡಿ ಕಲ್ಲಿತ್ತು," ಎಂದಳು. "ಕಾಣ್ಲಿಲ್ಲ."

"ಕಲ್ಲು ಕಾಣ್ಲಿಲ್ಲ ಸರಿ," ಎಂದ ಗುನ್ಲೈಕ್, "ಮರ ಆದ್ರೂ ಕಾಣ್ತಾ?"

ಇಬ್ಬರೂ ನಕ್ಕರು. ಅವಳ ಕಿವಿ ಬಿಸಿಯಾಯಿತು. ತನ್ನದಲ್ಲದ ತಪ್ಪಿಗೆ ನಾಚಿಕೆಪಡುವುದು ಎಷ್ಟು ಸಲೀಸು ಎಂದು ಅವಳಿಗೇ ಆಶ್ಚರ್ಯವಾಯಿತು. ನಿಜಕ್ಕೂ ಹಿಮದಡಿಯ ಕಲ್ಲು ತನ್ನ ಮುಂಗೈಗೆ ಝುಮ್ಮೆಂದು ಬಡಿದ ಹಾಗೆ ನೆನಪು ಬೇರೆ ಹುಟ್ಟಿಕೊಂಡಿತು. ಆನ್‌ಫಿನ್ ಈಗ ಅವಳ ಭುಜದಾಚೆ ನೋಡುವುದನ್ನು ಬಿಟ್ಟು ಅವಳ ಕಣ್ಣನ್ನೇ ನೋಡಿ ಮಾತಾಡುತ್ತಿದ್ದ. ದಿಮ್ಮಿಯ ಅಡಿಗೆ ಎರಡು ಕೋಲು ಅಡ್ಡ ಇಟ್ಟುಕೊ, ನೆಲದಿಂದ ಮೇಲೆ ಬರುತ್ತದೆ, ಅಲಗು ದಾಟಿದರೂ ಕಲ್ಲಿಗೆ ಹೋಗುವುದಿಲ್ಲ ಎಂದ. ತನ್ನ ಹೆಂಡತಿಗೂ ಕಲಿಸಬೇಕೆಂದಿದ್ದೇನೆ, ಅವಳು ಹತ್ತಿರ ಬರುವುದಿಲ್ಲ ಎಂದ. ಆ ಗೌರವ ಬೇರೆ ಯಾರಿಗೋ ಸಲ್ಲಬೇಕಾದದ್ದು. ಅದನ್ನು ಕೈಚಾಚಿ ತೆಗೆದುಕೊಳ್ಳುತ್ತ, ಕೋಟಿನ ಜೇಬಿನೊಳಗೆ ಅವಳು ಪೊಟ್ಟಣವನ್ನು ಹರಿದು ಚೈನನ್ನು ನಾಲ್ಕು ಬೆರಳಿಗೂ ಸೇರಿಸಿ ಸುತ್ತಿ ನೋಡುತ್ತಿದ್ದಳು. ಒಂದು ಸುತ್ತು, ಎರಡು, ಮೂರಕ್ಕೆ ಮುಗಿದುಹೋಯಿತು. ಹಾಲ್ವರ್‌ನ ಗರಗಸದ ಚೈನು ಇಷ್ಟು ಗಿಡ್ಡವಿಲ್ಲ. ಇಷ್ಟು ಗಿಡ್ಡ ಚೈನು ಇರುವುದು ಒಂದೇ ಕಡೆ ಎಂದು ಅವಳಿಗೆ ಗೊತ್ತಿತ್ತು. ಹಾಲ್ವರ್‌ನ ತಮ್ಮ ಸ್ಟೈನಾರ್ ಸೇಬಿನ ಮರ ಸವರುವುದಕ್ಕೆಂದು ಇಟ್ಟುಕೊಂಡಿದ್ದ ಪುಟ್ಟ ಗರಗಸ ಅದು. ಹೋದ ವರ್ಷದ ಜನವರಿಯಲ್ಲಿ ಸ್ಟೈನಾರ್‌ನನ್ನು ಹೂತು ಬಂದ ಮೇಲೆ, ಹೆಚ್ಚಿನ ಕುರ್ಚಿ ತರಲು ಅವನ ಕೊಟ್ಟಿಗೆಗೆ ಹೋದಾಗ, ಅದು ಮೊಳೆಗೆ ತೂಗಾಡುತ್ತಿತ್ತು. ಇನ್ನು ಇದನ್ನು ಹಿಡಿಯುವವರಿಲ್ಲ ಎಂದುಕೊಂಡು ಅವಳು ಕುರ್ಚಿ ಎತ್ತಿಕೊಂಡಿದ್ದಳು.

ಹಾಗಾದರೆ ವಾರಗಿತ್ತಿ. ಟೂರುನ್.

ಅವಳಿಗಿಂತ ಒಂದೇ ವರ್ಷ ಚಿಕ್ಕವಳು. ಅದೇ ಮಂಡಿನೋವು, ಅದೇ ಓದುವ ಕನ್ನಡಕ. ಇಪ್ಪತ್ತೈದರ ಯಾವಳೋ ಆಗಿದ್ದರೆ ಬೈದುಕೊಳ್ಳುವುದಕ್ಕೆ ಊರಿನಲ್ಲಿ ಸಿದ್ಧ ಮಾತುಗಳಿದ್ದವು. ಹಾಸಿಗೆಯ ಮಾತಾಗಿದ್ದರೂ ಅವಳಿಗೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು. ಅದಕ್ಕೆ ಅಳಬಹುದು, ಬಟ್ಟೆ ಹೊರಗೆಸೆಯಬಹುದು, ಅಕ್ಕನ ಮನೆಗೆ ಹೋಗಬಹುದು. ಇದಕ್ಕೆ ಏನು ಮಾಡುತ್ತಾರೆ? ನನ್ನ ಗಂಡ ಇನ್ನೊಬ್ಬಳಿಗೆ ಗರಗಸ ಹಿಡಿಯಲು ಕಲಿಸಿದ ಎಂದು ಯಾರ ಹತ್ತಿರ ಹೇಳಿಕೊಳ್ಳುತ್ತಾರೆ? ಚೈನಿನ ಹಲ್ಲು ಬೆರಳಿಗೆ ಚುಚ್ಚಿತು. ಆನ್‌ಫಿನ್ ಚೆನ್ನಾಗಿಯೇ ಹರಿತ ಮಾಡಿದ್ದ.

ಹೋದ ವರ್ಷ ಈ ಹೊತ್ತಿಗೆ ಟೂರುನ್‌ಗೆ ಒಂದು ಟ್ರೇಲರ್ ಸೌದೆ ಕಳಿಸೋಣ ಎಂದು ಹಾಲ್ವರ್ ಹೇಳಿದಾಗ, ಅವನ ಬಾಯಿಂದ ಅದು ಬರುವ ಮೊದಲೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ತುಂಬಿಸುತ್ತೇನೆ ನೀನು ಕಾಫಿ ಕುಡಿ ಎಂದಿದ್ದಳು. ಕೊಟ್ಟಿಗೆಯ ಹಿಂದೆ ಆಗಷ್ಟೇ ಕೊಯ್ದ ಆಸ್ಪೆನ್ ಬಿದ್ದಿತ್ತು, ನೀರು ಕುಡಿದು ಸೀಸದಷ್ಟು ಭಾರ. ಒಲೆಗೆ ಹಾಕಿದರೆ ಬುಸುಗುಟ್ಟುತ್ತ ನೊರೆ ಕಾರುವ ಮರ. ಅದನ್ನು ಟ್ರೇಲರಿನ ಅಡಿಗೆ ಹಾಕಿದಳು. ಅರ್ಧಕ್ಕೂ ಮೇಲೆ ಅದನ್ನೇ ಹಾಕಿದಳು. ಮೇಲೆ ಎರಡು ವರ್ಷ ಒಣಗಿದ ಬರ್ಚ್ ಒಟ್ಟಿದಳು, ಬಿಳಿ ತೊಗಟೆ ಹೊರಗೆ ಕಾಣುವ ಹಾಗೆ, ಚಿತ್ರ ಬರೆದ ಹಾಗೆ. ಹಾಗೆ ಮಾಡುವಾಗ ಅವಳು ಏನೂ ಯೋಚಿಸುತ್ತಿರಲಿಲ್ಲ. ಕೈ ತಾನೇ ಮಾಡುತ್ತಿತ್ತು. ಟ್ರೇಲರನ್ನು ಎತ್ತಿ ಸುರಿಯುತ್ತಾರೆ, ರಾಶಿಯಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಯಾರು ನೋಡುತ್ತಾರೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಎರಡು ದಿನ ಬಿಟ್ಟು ಟೂರುನ್ ಫೋನ್ ಮಾಡಿದ್ದಳು. "ಸೌದೆ ಬಂತು ರಾಗ್ನಿ. ತುಂಬಾ ಚೆನ್ನಾಗಿ ಒಟ್ಟಿದೀಯ," ಎಂದಿದ್ದಳು. ಅಷ್ಟೇ. ಆ ಒಂದು ವಾಕ್ಯವನ್ನು ರಾಗ್ನಿ ಒಂದು ವರ್ಷ ತಿರುಗಿಸಿ ತಿರುಗಿಸಿ ನೋಡಿದ್ದಳು. ಅದರ ಅಡಿಯಲ್ಲಿ ಏನಿದೆ ಎಂದು ತಿಳಿದಿರಲಿಲ್ಲ. ಈ ಚಳಿಗಾಲ ಶುರುವಾಗುವ ಮೊದಲು ಟೂರುನ್‌ಗೆ ಸೌದೆ ಬೇಡವೇ ಎಂದು ತಾನಾಗಿ ಕೇಳಿದಾಗ ಹಾಲ್ವರ್, "ಬೇಡವಂತೆ, ಏನೋ ವ್ಯವಸ್ಥೆ ಆಗಿದೆಯಂತೆ" ಎಂದಿದ್ದ. ಅವಳಿಗೆ ಎಷ್ಟು ಹಗುರವಾಗಿತ್ತೆಂದರೆ ಆ ಸಂಜೆ ಮಾಮೂಲಿಗಿಂತ ಒಂದು ಕಾವಲಿ ಹೆಚ್ಚು ವಾಫಲ್ ದೋಸೆ ಮಾಡಿದ್ದಳು.

"ಯಾವುದು ಕೊಡ್ಲಿ?" ಎಂದ ಆನ್‌ಫಿನ್.

ಅವಳು ಕಿತ್ತಳೆಯದನ್ನು ಎರಡು ಕೈಯಲ್ಲಿ ಎತ್ತಿದಳು. ಹಾಲ್ವರ್‌ನ ಕೈಗೆ ಇದು ಸರಿ, ಅಂಗೈಯ ಅಗಲ, ಹಿಡಿಯ ಸುತ್ತಳತೆ. ಕೆಳಗಿಟ್ಟಳು. ಬ್ಯಾಟರಿಯದನ್ನು ಎತ್ತಿದಳು. ಬೆರಳುಗಳು ಹಿಡಿಯನ್ನು ಸುತ್ತಿ ಬಂದು ಹೆಬ್ಬೆರಳನ್ನು ಮುಟ್ಟಿದವು. ಮುಂದಿನ ತೂಕ ಹಿಂದಿನ ತೂಕ ಸಮವಾಗಿ ನಿಂತಿತು. ಅಂಗಡಿಯ ನಡುವೆ, ಗುನ್ಲೈಕ್ ನೋಡುತ್ತಿರುವಂತೆಯೇ, ಇಲ್ಲದ ದಿಮ್ಮಿಯ ಮೇಲೆ ಅದನ್ನು ಒಮ್ಮೆ ಇಳಿಸಿ ಎತ್ತಿದಳು.

"ಇದು ಹಾಲ್ವರ್‌ಗೆ ಆಗಲ್ಲ, ಹೇಳಿಬಿಡ್ತೀನಿ," ಎಂದ ಆನ್‌ಫಿನ್. "ಇದು ನಿಂಗೆ."

"ಹುಂ," ಎಂದಳು.

ಅದರ ಬೆಲೆಗೆ ಒಳ್ಳೆಯ ಚಳಿಗಾಲದ ಕೋಟು ಬರುತ್ತಿತ್ತು. ತನಗೆಂದು ಇಷ್ಟು ದುಡ್ಡಿನ ಯಾವುದನ್ನೂ ಅವಳು ಇದುವರೆಗೆ ಕೊಂಡಿರಲಿಲ್ಲ.

ಮನೆಗೆ ನೇರವಾಗಿ ಹೋಗುವ ದಾರಿ ಸರೋವರದ ಈಚೆ ಬದಿಯದು. ಅವಳು ಆಚೆ ಬದಿಯ ದಾರಿ ಹಿಡಿದಳು. ಬಾಚಿ ಒಟ್ಟಿದ ಹಿಮದ ಗೋಡೆಗಳ ನಡುವೆ ಕಾರು ತಾನಾಗಿ ಹೋಗುತ್ತಿರುವಂತೆ ಇತ್ತು. ಕಾಡಿನ ಪಾಲು ನೋಡಿಕೊಂಡು ಬರುತ್ತೇನೆ, ಮಧ್ಯಾಹ್ನವಾಗುತ್ತದೆ ಎಂದು ಹಾಲ್ವರ್ ಬೆಳಿಗ್ಗೆ ಹೇಳಿದ್ದ. ಎಲ್ಲ ಶನಿವಾರವೂ ಹೇಳಿದ್ದನೇ, ಅಥವಾ ಈಚಿನ ಶನಿವಾರಗಳಲ್ಲಿ ಮಾತ್ರವೇ ಎಂದು ಎಣಿಸಲು ನೋಡಿದಳು, ಎಣಿಕೆ ಸಿಗಲಿಲ್ಲ. ಹಿಂದೆ ಹಾಲಿನ ಕ್ಯಾನುಗಳನ್ನು ಇಡುತ್ತಿದ್ದ ಹಳೆಯ ಕಟ್ಟೆಯ ಹತ್ತಿರ, ಟೂರುನ್‌ನ ಅಂಗಳ ಕಾಣುವಲ್ಲಿ, ನಿಲ್ಲಿಸಿದಳು. ಅವನ ಕಾರು ಮರೆಯಲ್ಲೇನೂ ಇರಲಿಲ್ಲ. ಬಾಗಿಲ ಎದುರೇ ನಿಂತಿತ್ತು. ಮರೆಯಲ್ಲಿಟ್ಟಿದ್ದರೆ ಚೆನ್ನಾಗಿತ್ತು ಎಂದುಕೊಂಡಳು.

ಟೂರುನ್ ಸ್ಟೈನಾರ್‌ನ ಹೆಲ್ಮೆಟ್ ಹಾಕಿಕೊಂಡು, ಅವನ ಹಸಿರು ಪ್ಯಾಂಟಿನ ಕಾಲುಗಳನ್ನು ಮಡಚಿಕೊಂಡು, ಬದಲಿ ಚೈನು ಹಾಕಿದ ಆ ಪುಟ್ಟ ಗರಗಸ ಹಿಡಿದು ದಿಮ್ಮಿಯ ಮೇಲೆ ಬಗ್ಗಿದ್ದಳು. ಕಾಲು ಇಟ್ಟ ರೀತಿ ಸರಿಯಿರಲಿಲ್ಲ. ಮೂವತ್ತನಾಲ್ಕು ವರ್ಷ ನೋಡಿದವಳಿಗೆ ಅದು ದೂರದಿಂದಲೇ ಕಾಣುತ್ತಿತ್ತು. ದಿಮ್ಮಿ ಹಿಮದ ಮೇಲೆ ನೇರವಾಗಿ ಬಿದ್ದಿತ್ತು, ಅಡಿಗೆ ಕೋಲುಗಳಿರಲಿಲ್ಲ. ಇನ್ನೊಂದು ಸಲ ನೆಲಕ್ಕೆ ಹೋಗುತ್ತಾಳೆ ಎಂದು ರಾಗ್ನಿ ಅಂದುಕೊಳ್ಳುವುದರೊಳಗೆ ಅಲಗು ಇಳಿದು, ಸದ್ದು ಒಡೆದು, ನಿಂತಿತು. ಹಾಲ್ವರ್ ನಾಲ್ಕು ಹೆಜ್ಜೆ ದೂರದಲ್ಲಿದ್ದ. ರಾಗ್ನಿ ನೋಡಬಾರದೆಂದುಕೊಂಡು ಬಂದದ್ದು ಏನನ್ನು? ಅವನು ಅವಳ ಹಿಂದೆ ನಿಂತು ಕೈಮೇಲೆ ಕೈಯಿಟ್ಟು ಕಲಿಸುವುದನ್ನು. ದಾರಿಯುದ್ದಕ್ಕೂ ಆ ಚಿತ್ರವನ್ನು ತಿದ್ದುತ್ತ ಬಂದಿದ್ದಳು. ಅಂಥದ್ದೇನೂ ಇರಲಿಲ್ಲ. ಹಾಲ್ವರ್ ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ನಿಂತಿದ್ದ. ಟೂರುನ್ ತಲೆಯೆತ್ತಿ ಏನೋ ಹೇಳಿದಳು. ಅವನು ಭುಜ ಹಾರಿಸಿದ. ಕೈ ಹೊರಗೆ ಬರಲಿಲ್ಲ. ಅವಳು ಮತ್ತೆ ಬಗ್ಗಿದಳು.

ಆ ಜೇಬಿನ ಕೈಗಳನ್ನು ರಾಗ್ನಿ ನೋಡುತ್ತ ಕೂತಳು. ಅವಳು ಸೌದೆ ಒಟ್ಟುವಾಗ ಅವನು ಒಂದು ಸಲವಾದರೂ ಜೇಬಿನಲ್ಲಿ ಕೈಯಿಟ್ಟು ನಿಂತದ್ದುಂಟೇ? ಹಿಂದಿನಿಂದ ಬಂದು, ಒಂದು ಮಾತೂ ಆಡದೆ, ಅವಳು ಇಟ್ಟ ತುಂಡನ್ನು ತೆಗೆದು ತಿರುಗಿಸಿ ಇಡುವನು. ಅವಳು ಹೊದಿಸಿದ ತಗಡನ್ನು ನಾಲ್ಕು ಬೆರಳು ಸರಿಸುವನು. ಅವಳು ರೊಟ್ಟಿ ಕೊಯ್ಯುವಾಗ ಕೂಡ ಅವನ ಕೈ ಮೇಜಿನ ಮೇಲಿಂದ ಚಾಕುವಿನ ಕಡೆ ಬರುತ್ತದೆ. ಇಲ್ಲಿ ಒಬ್ಬ ಹೆಂಗಸು ಅವನ ಕಣ್ಣೆದುರೇ ಚೈನು ಹಾಳು ಮಾಡುತ್ತಿದ್ದಾಳೆ. ಅವನು ಬಿಟ್ಟಿದ್ದಾನೆ, ಹಾಳು ಮಾಡಿಕೊ ಎಂದು, ನಾಳೆ ಸರಿ ಮಾಡಿಸೋಣ ಎಂದು. ಇಷ್ಟು ದೊಡ್ಡದನ್ನು ಅವನು ಅವಳಿಗೆ ಕೊಟ್ಟಿದ್ದಾನೆ. ಟೂರುನ್‌ಗೆ ಇದು ಸಿಕ್ಕಿದ್ದು ಅವಳು ಒಂಟಿಯಾದ್ದರಿಂದ. ಹಾಗಾದರೆ ತನಗೆ ಇದು ಸಿಗಬೇಕಾದರೆ ಮೊದಲು ಹಾಲ್ವರ್ ಸಾಯಬೇಕು. ಸತ್ತರೆ ಕಲಿಸುವವರು ಯಾರು? ಅವಳ ಮನಸ್ಸು ಈ ಲೆಕ್ಕವನ್ನು ಶಾಲೆಯ ಮಗ್ಗಿಯ ಹಾಗೆ, ಭಾವನೆಯೇ ಇಲ್ಲದೆ, ಕೊನೆಯವರೆಗೂ ಮಾಡಿ ಮುಗಿಸಿತು. ಚರ್ಚಿನ ಮಣ್ಣು, ಕಪ್ಪು ಕೋಟು, ಹೆಚ್ಚಿನ ಕುರ್ಚಿಗಳು. ಆಮೇಲೆ ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಗಿ ಕಾರು ತಿರುಗಿಸಿದಳು. ತಿರುಗಿಸುವಾಗ ಹಿಮದ ಗೋಡೆಗೆ ಹಿಂದಿನ ದೀಪ ಒರಸಿತು. ಅವರು ನೋಡಿದರೋ ಇಲ್ಲವೋ ತಿಳಿಯಲಿಲ್ಲ.

ಮನೆಯಲ್ಲಿ ಚೈನನ್ನು ಕಾಗದದಿಂದ ಬಿಡಿಸಿ, ಅವನು ಕೂರುವ ಜಾಗದಲ್ಲಿ, ತಟ್ಟೆಯ ನಡುವೆ ಸುರುಳಿ ಮಾಡಿಟ್ಟಳು. ಪಕ್ಕದಲ್ಲಿ ರೊಟ್ಟಿ, ಕಂದು ಚೀಸು, ಕಾಫಿ. ಅವನು ಬಂದು ಬೂಟು ಬಿಚ್ಚಿ, ಕೈ ತೊಳೆದು, ಕೂತ. ತಟ್ಟೆ ನೋಡಿದ.

"ಆನ್‌ಫಿನ್ ಕೊಟ್ಟ," ಎಂದಳು. "ನಾನು ಕಲ್ಲಿಗೆ ಹೊಡೀತೀನಂತೆ. ಕೋಲು ಅಡ್ಡ ಇಟ್ಕೋಬೇಕಂತೆ."

"ಏನಂದೆ ನೀನು?"

"ಹೌದು, ನಾನೇ ಅಂದೆ."

ಅವನ ಬಾಯಿಯ ಮೂಲೆಯಲ್ಲಿ ನಗು ಬರುವುದರಲ್ಲಿತ್ತು. ಬರಲಿಲ್ಲ. ಚೈನನ್ನು ತೆಗೆದು ಪಕ್ಕಕ್ಕಿಟ್ಟು, ತಟ್ಟೆಯ ಎಣ್ಣೆಯನ್ನು ತೋಳಿನಿಂದ ಒರೆಸಿದ. ನಾನು ಕೇಳಿದಾಗ ಕಲಿಸಲಿಲ್ಲ ಎಂದಳು. ಯಾವಾಗ ಎಂದು ಅವನು ಕೇಳಿದ. ನಟನೆಯಲ್ಲ, ನಿಜಕ್ಕೂ ಮರೆತಿದ್ದ. ಬಿರುಗಾಳಿಯ ವರ್ಷ ಎಂದಳು. ಅವನು ಯೋಚಿಸಿದ. ಇಪ್ಪತ್ತು ವರ್ಷ ತಾನು ಇಟ್ಟುಕೊಂಡಿದ್ದ ಮಾತು ಅವನ ಬಳಿ ಇರಲೇ ಇಲ್ಲವೆಂದು ಅವಳಿಗೆ ಆಗ ಗೊತ್ತಾಯಿತು.

"ಅವಳ ವಿಷಯ ಬೇರೆ," ಎಂದ.

"ಹೇಗೆ ಬೇರೆ?"

"ಅವಳಿಗೆ ನಾನು ಕಲಿಸ್ತೀನಿ ಅಂತ ಹೋಗ್ಲಿಲ್ಲ. ಅವಳೇ ಕರೆದ್ಲು. ಇನ್ಮೇಲೆ ಸೌದೆ ಕಳಿಸ್ಬೇಡಿ, ನಾನೇ ಕೊಯ್ಕೋತೀನಿ ಅಂದ್ಲು." ರೊಟ್ಟಿಯ ಮೇಲೆ ಚೀಸು ಇಟ್ಟ, ತೆಗೆದ, ಮತ್ತೆ ಇಟ್ಟ. "ಹೋದ ವರ್ಷದ ಸೌದೆಗೆ ಹೊಗೆ ಬಂತಂತೆ."

ಒಲೆಯಲ್ಲಿ ಬರ್ಚ್ ಸಣ್ಣಗೆ ಚಿಟಿಚಿಟಿ ಎನ್ನುತ್ತಿತ್ತು.

"ಏನ್ ಸೌದೆ ಅಂತ ಅವಳು ಹೇಳ್ಲಿಲ್ಲ. ಹೇಳೋದೂ ಬೇಕಿರ್ಲಿಲ್ಲ. ಸುರೀಲಿಲ್ಲ ನಾನು. ಅಂಗಳದಲ್ಲಿ ಕೆಸರಿತ್ತು ಅಂತ ಒಂದೊಂದೇ ತುಂಡು ಕೈಲಿ ಇಳಿಸ್ದೆ."

ಅಂದರೆ ಒಂದೊಂದನ್ನೂ ಅವನು ಕೈಯಲ್ಲಿ ಹಿಡಿದಿದ್ದ. ಮೇಲಿನ ಬಿಳಿ ಬರ್ಚ್ ಮುಗಿದು ಮೊದಲ ಆಸ್ಪೆನ್ ಕೈಗೆ ಬಂದಾಗ ಅದರ ತೂಕದಲ್ಲೇ ಅವನಿಗೆ ತಿಳಿದಿರಬೇಕು. ಆಮೇಲೂ ಇನ್ನೂರು ಮುನ್ನೂರು ತುಂಡು, ಒಂದಾದ ಮೇಲೊಂದು, ಟೂರುನ್ ಪಕ್ಕದಲ್ಲಿ ನಿಂತು ನೋಡುತ್ತಿದ್ದಂತೆ, ಹೆಂಡತಿಯ ಹೊಟ್ಟೆಕಿಚ್ಚನ್ನು ಇಳಿಸಿದ್ದ. ಮನೆಗೆ ಬಂದು, ಸರಿಯಾಯಿತೇ ಎಂದು ಅವಳು ಕೇಳಿದ್ದಕ್ಕೆ, ಸರಿಯಾಯಿತು ಎಂದಿದ್ದ. ಒಂದು ವರ್ಷ ಅವನು ಅದನ್ನು ಇಟ್ಟುಕೊಂಡಿದ್ದ. ಟೂರುನ್ ಇಟ್ಟುಕೊಂಡಿದ್ದಳು. ಆ ಇಬ್ಬರಿಗೂ ಅದು ಸೇರಿಯೇ ಗೊತ್ತಿತ್ತು. ರಾಗ್ನಿಯಿಂದ ಅವರು ಮುಚ್ಚಿಟ್ಟದ್ದು ಶನಿವಾರಗಳನ್ನಲ್ಲ, ಇದನ್ನು. ಅವಳನ್ನು ನಾಚಿಕೆಯಿಂದ ಉಳಿಸಲು ಇಬ್ಬರೂ ಸೇರಿಕೊಂಡಿದ್ದರು. ಅವಳಿಗೆ ಅದಕ್ಕಿಂತ ಹತ್ತಿರದ ಸಂಬಂಧ ಇನ್ನೊಂದು ತೋಚಲಿಲ್ಲ.

"ನಂಗ್ಯಾಕೆ ಕೇಳ್ಲಿಲ್ಲ?"

"ಕೇಳಿ?" ಎಂದ ಹಾಲ್ವರ್. "ಏನಂತಿದ್ದೆ ನೀನು?"

ಅವನು ರೊಟ್ಟಿಯನ್ನು ಕಚ್ಚಿ, ಅಗಿದು, ನುಂಗಿ, ಇನ್ನೇನೋ ಹೇಳಬೇಕೆಂದು ತೋರಿದಾಗ, ಅವಳ ಕಡೆ ನೋಡದೆ ಹೇಳಿದ: "ಅವಳ ಕೈ ಹೋದ್ರೆ ಅವಳ ಕೈ ಹೋಯ್ತು. ಅಲ್ಲಿ ನಿಂತ್ರೆ ನಂಗೇನೂ ಆಗಲ್ಲ." ನಿನ್ನದು ಹೋದರೆ ಎಂದು ಮುಂದುವರಿಸುತ್ತಾನೇನೋ ಎಂದು ಅವಳು ಕಾದಳು. ಅವನು ಕಾಫಿ ಸುರಿದುಕೊಂಡ. ಇದು ಒಲವೇ, ಅಥವಾ ತನ್ನ ಸಾಮಾನು ಯಾರೂ ಮುಟ್ಟಬಾರದೆನ್ನುವವನ ಮಾತೇ ಎಂದು ಅವಳಿಗೆ ತಿಳಿಯಲಿಲ್ಲ. ಒಮ್ಮೆ ಇಂಥ ಮಾತನ್ನು ಒಲವೆಂದು ತಿಳಿದು ಇಪ್ಪತ್ತು ವರ್ಷ ಬಳಸಿಯಾಗಿತ್ತು.

ಅವಳು ಎದ್ದು ಹೊರಗೆ ಹೋದಳು. ಜಗಲಿಯಲ್ಲಿ ತೂಗುಹಾಕಿದ್ದ ಗರಗಸ ಹಿಡಿಯುವಾಗ ಅವನು ತೊಡುವ ದಪ್ಪ ಪ್ಯಾಂಟನ್ನು ತನ್ನದರ ಮೇಲೆಯೇ ಹಾಕಿಕೊಂಡಳು, ಕಾಲು ಎರಡು ಮಡಿಕೆ ಮಡಚಿದಳು. ಹೆಲ್ಮೆಟ್ಟು ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಒಳಗೆ ಅವನ ತಲೆಯ ವಾಸನೆಯಿತ್ತು. ಕಾರಿನ ಹಿಂಭಾಗದಲ್ಲಿದ್ದ ಹೊಸ ಗರಗಸದ ಡಬ್ಬಿ ಬಿಚ್ಚಿ, ಆನ್‌ಫಿನ್ ತೋರಿಸಿದ ಹಾಗೆ ಬ್ಯಾಟರಿ ಕೂರಿಸಿ, ಚೈನಿನ ಎಣ್ಣೆ ತುಂಬಿಸಿದಳು. ಬಾಗಿಲು ತೆರೆದ ಸದ್ದಾಯಿತು. ಹಾಲ್ವರ್ ಮೆಟ್ಟಿಲ ಮೇಲೆ ಜಾಕೆಟ್ಟು ಹಾಕಿಕೊಳ್ಳುತ್ತ ನಿಂತಿದ್ದ.

"ಯಾರ್ದದು?"

"ನಂದು."

"ಹುಟ್ಟುಹಬ್ಬಕ್ಕೆ ನಂಗೆ ತರ್ತೀಯ ಅಂದ ನಿನ್ನಕ್ಕನ ಗಂಡ."

"ನಿಂಗೆ ಸಾಕ್ಸ್."

ಅಂಗಳದ ಅಂಚಿನಲ್ಲಿ, ಬಿಸಿಲಿಗೆ ಹಿಮ ತೆಳುವಾಗಿ ಜಲ್ಲಿ ಕಾಣತೊಡಗಿದ್ದ ಕಡೆ, ನಿನ್ನೆ ಎಳೆದು ತಂದ ಬರ್ಚ್ ಬಿದ್ದಿತ್ತು. ಅದರ ಮೇಲೆ ಅವಳದೇ ನೀಲಿ ಗೆರೆಗಳು, ಮೂವತ್ತು ಸೆಂಟಿಮೀಟರಿಗೊಂದು. ಅವಳು ಮೊದಲ ಗೆರೆಯ ಎದುರು ನಿಂತಳು. ಕಾಲು ಅಗಲಿಸಿದಳು, ಎಡಗಾಲು ಸ್ವಲ್ಪ ಮುಂದೆ, ಅಷ್ಟು ವರ್ಷ ನೋಡಿದ ಹಾಗೆ. ಮೆಟ್ಟಿಲಿನಿಂದ ಹೆಜ್ಜೆ ಬಂತು, ಜಲ್ಲಿಯ ಮೇಲೆ ಹತ್ತಿರವಾಯಿತು, ಕಣ್ಣಂಚಿನಲ್ಲಿ ಅವನ ಕೈ, ಗರಗಸದ ಹಿಡಿಯ ಕಡೆ ಆಗಲೇ ಚಾಚಿದ್ದ ಕೈ, ಕಾಣಿಸಿತು.

"ಕೈ ಜೇಬಲ್ಲಿಟ್ಕೋ," ಎಂದಳು.

ಅವನು ನಿಂತ. ಅವಳು ಜಾಲರಿಯ ಒಳಗಿಂದ ಅವನನ್ನು ನೋಡಿದಳು. ನೀನು ಟೂರುನ್‌ನ ಅಂಗಳದಲ್ಲಿ ನನ್ನನ್ನು ನೋಡಿದೆಯಾ ಎಂದು ಅವನೂ ಕೇಳಲಿಲ್ಲ, ನೋಡಿದೆ ಎಂದು ಅವಳೂ ಹೇಳಲಿಲ್ಲ. ಅವನು ನಿಧಾನವಾಗಿ ಒಂದು ಕೈಯನ್ನು, ಆಮೇಲೆ ಇನ್ನೊಂದು ಕೈಯನ್ನು, ಜಾಕೆಟ್ಟಿನ ಜೇಬಿಗೆ ಇಳಿಸಿದ. ನಾಲ್ಕು ಹೆಜ್ಜೆ ಹಿಂದೆ ಹೋಗು ಎಂದಳು. ಹೋದ.

ಗುಂಡಿ ಒತ್ತಿದಾಗ ಚೈನು ಒಮ್ಮೆಲೇ ಓಡಿತು. ಅಲಗು ನೀಲಿ ಗೆರೆಯ ಮೇಲೆ ಇಳಿದು, ಬಿಳಿ ತೊಗಟೆ ಹರಿದು, ಹಳದಿ ಹುಡಿ ಅವಳ ಬೂಟಿನ ಮೇಲೆ ಸುರಿಯತೊಡಗಿತು. ಮರ ತಾನಾಗಿ ಅಲಗನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಇದು ಇಷ್ಟು ಸುಲಭವೇ ಎಂದು ಅವಳಿಗೆ ಸಿಟ್ಟು ಬಂತು. ಅರ್ಧ ಇಳಿದ ಮೇಲೆ ದಿಮ್ಮಿಯ ಅಡಿಗೆ ಕೋಲುಗಳನ್ನು ಇಟ್ಟಿಲ್ಲವೆಂದು ನೆನಪಾಯಿತು. ಅವನು ಅದನ್ನು ಮೆಟ್ಟಿಲ ಮೇಲಿಂದಲೇ ನೋಡಿದ್ದಾನು. ಅವಳು ತಲೆಯೆತ್ತಿ ಅವನ ಮುಖವನ್ನಲ್ಲ, ಜೇಬುಗಳನ್ನು ನೋಡಿದಳು. ಬಟ್ಟೆಯೊಳಗೆ ಮುಷ್ಟಿಗಳು ಬಿಗಿದು, ಬಿಚ್ಚಿ, ಬಿಗಿಯುತ್ತಿದ್ದವು. ಜೇಬು ಹರಿದು ಹೊರಗೆ ಬರುವ ಹಾಗೆ ಕದಲುತ್ತಿದ್ದವು. ಟೂರುನ್‌ನ ಅಂಗಳದಲ್ಲಿ ಅವು ಅಲುಗಿರಲಿಲ್ಲ. ಟೂರುನ್‌ಗೆ ಸಿಕ್ಕಿದ ಆ ಅಲುಗದ ಕೈಗಳು ತನಗೆ ಸಿಗುವುದಿಲ್ಲ. ತನಗೆ ಸಿಕ್ಕಿರುವುದು ಇವು. ಯಾವುದು ಹೆಚ್ಚಿನದು, ಯಾವುದು ಕಡಿಮೆಯದು ಎಂದು ತೂಗುತ್ತ ಅವಳು ಗುಂಡಿಯಿಂದ ಬೆರಳು ತೆಗೆಯಲಿಲ್ಲ. ತುಂಡು ಕಳಚಿ ಬಿತ್ತು. ಅಲಗು ಮರ ದಾಟಿತು, ತೆಳು ಹಿಮ ದಾಟಿತು, ಜಲ್ಲಿಗೆ ತಾಗಿ ಮಧ್ಯಾಹ್ನದ ಬೆಳಕಿನಲ್ಲೂ ಕಾಣುವಷ್ಟು ಕಿಡಿ ಹಾರಿತು.

ಹಾಲ್ವರ್‌ನ ಕೈಗಳು ಜೇಬಿನಲ್ಲೇ ಇದ್ದವು. ಅವಳು ಎರಡನೆಯ ಗೆರೆಗೆ ಸರಿದು ನಿಂತಳು.